ಮದುವೆಯಿಲ್ಲದ ದಿನದ ಆಟ

ಊರಿನ ಚರಿತ್ರೆಯನ್ನು ಬರೆಯಹೊರಟವರು ಗುಡಿ, ಕೋಟೆ, ಕೆರೆ, ಶಾಸನಗಳನ್ನು ಬಿಟ್ಟು ಆಟದ ಮನೆಯ ಕಡೆಗೆ ಕಣ್ಣು ಹಾಯಿಸುವುದು ಅಪರೂಪ. ಆಡಿದವರು ಬೆವರೊರೆಸಿಕೊಂಡು ಮನೆಗೆ ಹೋದಮೇಲೆ ಅಲ್ಲಿ ಉಳಿಯುವುದಾದರೂ ಏನು? ನೆಲದ ಮೇಲೆ ನಾಲ್ಕು ಗೆರೆ, ಮೂಲೆಯಲ್ಲಿ ಒಂದೆರಡು ಮುರಿದ ಗರಿ. ಆದರೂ ಬೆಂಗಳೂರಿನ ಮಲ್ಲೇಶ್ವರದ ಒಂದು ಸಭಾಂಗಣದ ಕಥೆಯನ್ನು ನಾವು, ಅದರಲ್ಲಿಯೂ ನವನಗರದಲ್ಲಿ ನೆಲೆಸಿದವರು, ಅರಿತಿರಬೇಕೆಂದು ನನಗೆ ತೋರುತ್ತದೆ.

ಅದು ಕೆನರಾ ಯೂನಿಯನ್ ಎಂಬ ಸಂಸ್ಥೆಯ ಸಭಾಂಗಣ. ಅಲ್ಲಿ ನಡೆಯುತ್ತಿದ್ದುದು ಮದುವೆ, ಸಮಾರಂಭ. 1960ರ ದಶಕದಲ್ಲಿ ನೆರೆಹೊರೆಯ ಹುಡುಗರು ಇಂದು ಅಲ್ಲಿ ಸಮಾರಂಭವಿದೆಯೋ ಇಲ್ಲವೋ ಎಂದು ದಿನದಿನವೂ ಕಾದು ನೋಡುತ್ತಿದ್ದರು. ಇಲ್ಲವೆಂದಾದರೆ ಶಾಲೆ ಬಿಟ್ಟೊಡನೆ ಅಲ್ಲಿಗೇ ಓಟ! ಅವರಲ್ಲೊಬ್ಬ 1955ರಲ್ಲಿ ಹುಟ್ಟಿದ ಪ್ರಕಾಶ ಪಡುಕೋಣೆ. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದವರು. ಹುಡುಗ 1962ರಲ್ಲಿ ರಾಜ್ಯದ ಕಿರಿಯರ ಪಂದ್ಯಾವಳಿಗೆ ಇಳಿದು ಮೊದಲ ಸುತ್ತಿನಲ್ಲೇ ಸೋತ; 1964ರಲ್ಲಿ ಅದನ್ನೇ ಗೆದ್ದ. 1971ರಿಂದ 1979ರವರೆಗೆ ಒಂಬತ್ತು ವರ್ಷ ರಾಷ್ಟ್ರೀಯ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. 1980ರ ಮಾರ್ಚಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಡೋನೇಷಿಯದ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ, ಆಲ್ ಇಂಗ್ಲೆಂಡ್ ಪದವಿಯನ್ನು ಪಡೆದ ಮೊದಲ ಭಾರತೀಯನಾದ. ಅಷ್ಟು ದೂರದ ದಾರಿ ಹೊರಟದ್ದು ಹಸೆಮಣೆ ಹಾಕುವ ಜಾಗದಿಂದ.

ಈ ಆಟಕ್ಕೆ ಸಭಾಂಗಣವೇ ಏಕೆ ಬೇಕೆಂದು ಕೇಳುವವರಿರಬಹುದು. ಹದಿನಾರು ಗರಿಗಳ ಆ ಚೆಂಡಿನ ತೂಕ ಐದು ಗ್ರಾಮಿನ ಆಚೀಚೆ. ಕಿಟಕಿಯಿಂದ ಬಂದ ಗಾಳಿಯೂ ಅದನ್ನು ದಾರಿ ತಪ್ಪಿಸಬಲ್ಲದು. ಹತ್ತೊಂಬತ್ತನೆಯ ಶತಮಾನದಲ್ಲಿ ಪುಣೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಆಟಕ್ಕೆ ನಿಯಮ ಕಟ್ಟಿದರು. ಹೆಸರು ಬಂದದ್ದು ಇಂಗ್ಲೆಂಡಿನ ಒಂದು ಶ್ರೀಮಂತರ ಮನೆಯಿಂದ. ನಮ್ಮ ದಕ್ಷಿಣದಲ್ಲಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಬೆಳೆಯಿತು. ಅದಕ್ಕೆ ಬಯಲು ಸಾಕು, ಗಾಳಿಯ ಹಂಗಿಲ್ಲ. ಗರಿಚೆಂಡಿಗಾದರೋ ಸೂರು ಬೇಕು. ಎತ್ತರದ ಸೂರು ಕ್ಲಬ್ಬುಗಳ ಬಳಿ ಇರುತ್ತದೆ, ಇಲ್ಲವೆ ಮದುವೆಯ ಮನೆಗಳ ಬಳಿ. ಮಲ್ಲೇಶ್ವರದ ಸಭಾಂಗಣದವರು ಮಾಡಿದ್ದು ಇಷ್ಟೆ: ಮುಹೂರ್ತವಿಲ್ಲದ ದಿನ ಬಾಗಿಲು ತೆರೆದರು. ಅದನ್ನು ದಾನವೆನ್ನಲು ನಾನೊಪ್ಪೆ. ಊರಿನವರು ಕಟ್ಟಿದ ಮನೆ ಊರಿನ ಮಕ್ಕಳಿಗೆ ತೆರೆದುದು, ಅಷ್ಟೇ. ಆದರೆ ಫಲ ದೊಡ್ಡದಾಯಿತು. ಪ್ರಕಾಶರು 1994ರಲ್ಲಿ ಬೆಂಗಳೂರಿನಲ್ಲಿ ತರಬೇತಿಯ ಕೇಂದ್ರವನ್ನು ತೆರೆದರು. ಅಲ್ಲಿ ಪಳಗಿದ ಗೋಪಿಚಂದರು 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಮತ್ತೆ ತಂದರು.

ಇನ್ನು ನಮ್ಮ ಊರಿನ ಮಾತು. ಪ್ರಕಾಶರು ಕಿರಿಯರ ಪಂದ್ಯವನ್ನು ಗೆದ್ದ 1964ರಲ್ಲಿಯೇ, ಮೇ ತಿಂಗಳಿನಲ್ಲಿ, ಲಾಲ್ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಆ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯನ್ನು ಆವರಿಸುತ್ತ ಬಂದಂತೆ ಜನ ಗಂಟುಮೂಟೆ ಕಟ್ಟಿ ಮೇಲಕ್ಕೆ ಬಂದರು, ನವನಗರವಾಯಿತು. ಓಣಿಗೆ ಹೆಸರಿದ್ದ ಊರು ಹೋಗಿ, ಸೆಕ್ಟರಿಗೆ ಅಂಕಿಯಿರುವ ಊರು ಬಂತು. ನಕಾಶೆಯಲ್ಲಿ ಪ್ರತಿಯೊಂದಕ್ಕೂ ಜಾಗವುಂಟು: ಕಚೇರಿಗೆ, ಶಾಲೆಗೆ, ಉದ್ಯಾನಕ್ಕೆ. ಗೊತ್ತುಪಡಿಸಿದ ಜಾಗದಲ್ಲಿಯೇ ಆಟ ಬೆಳೆಯಬೇಕೆಂದು ಮಾತ್ರ ನಿಯಮವಿಲ್ಲ. ಅದು ಬಾಗಿಲು ತೆರೆದ ಕಡೆ ನುಗ್ಗುತ್ತದೆ. ಸರಕಾರದ ಒಳಾಂಗಣಗಳು ಬೇಡವೆಂದು ನಾನು ವಾದಿಸುತ್ತಿಲ್ಲ. ಆದರೆ ದೂರದ ಕ್ರೀಡಾಂಗಣಕ್ಕೆ ಒಬ್ಬಳೇ ಸಂಜೆ ಹೋಗಿಬರಲಾರದ ಹನ್ನೊಂದು ವರ್ಷದ ಹುಡುಗಿಗೆ, ತಿಂಗಳ ಶುಲ್ಕ ಕಟ್ಟಲಾರದ ಗುಮಾಸ್ತನ ಮಗನಿಗೆ, ಪಕ್ಕದ ರಸ್ತೆಯ ಕಲ್ಯಾಣಮಂಟಪವೇ ಹತ್ತಿರ.

ಆಷಾಢವಿಡೀ, ಪುಷ್ಯವಿಡೀ ಮಂಟಪಗಳಲ್ಲಿ ಮಂಗಳವಾದ್ಯವಿಲ್ಲ; ಉಳಿದ ತಿಂಗಳುಗಳಲ್ಲಿಯೂ ಬರಿದಾದ ದಿನಗಳಿಗೆ ಬರವಿಲ್ಲ. ಎರಡು ಕಂಬ, ಒಂದು ಬಲೆ, ಅಳಿಸಬಹುದಾದ ಗೆರೆ; ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಿಲ್ಲ. ನುಣುಪಾದ ಕಲ್ಲುಹಾಸು ಮೊಣಕಾಲಿಗೆ ಒಳ್ಳೆಯದಲ್ಲವೆಂಬುದು ನಿಜ. ಕಲಿಯುವ ಮಕ್ಕಳಿಗೆ ಒಳ್ಳೆಯ ಬೂಟು ಬೇಕು, ದೊಡ್ಡ ಪಂದ್ಯಕ್ಕೆ ಬೇರೆ ನೆಲ ಬೇಕು. ದೀಪದ ಗೊಂಚಲುಗಳು ಒಡೆದಾವೆಂದು ಮಂಟಪದವರು ಅಂಜಬಹುದು. ಐದು ಗ್ರಾಮಿನ ಗರಿಗೆ ಅಂಜುವವರು ಮದುವೆಯ ದಿನ ಬೀಗರ ಮಕ್ಕಳನ್ನು ಹೇಗೆ ತಡೆದುಕೊಳ್ಳುತ್ತಾರೋ!

ಉಳಿಯುವ ತೊಡಕು ಬೀಗದ ಕೈಯದು. ಅದನ್ನು ಸಮೀಪದ ಶಾಲೆಯ ವ್ಯಾಯಾಮ ಶಿಕ್ಷಕರ ಕೈಗೆ ಕೊಡಬಹುದು. ಜೊತೆಗೆ ಒಂದು ನೋಟುಪುಸ್ತಕವನ್ನೂ. ಯಾವ ದಿನ ಬಾಗಿಲು ತೆರೆಯಿತು, ಯಾರು ಯಾರು ಆಡಿದರು ಎಂದು ಅವರು ಅದರಲ್ಲಿ ಬರೆದಿಡಲಿ.