ಕೊನೆ ತಿಳಿದ ಮೇಲೂ ಉಳಿಯುವ ಅಚ್ಚರಿ

ಈಚೆಗೆ ಯಾರಾದರೂ ತಾವು ನೋಡಿದ ಚಲನಚಿತ್ರವನ್ನೋ ಓದಿದ ಕಾದಂಬರಿಯನ್ನೋ ಮೆಚ್ಚಿ ಮಾತನಾಡತೊಡಗಿದರೆ, ಎದುರಿಗಿರುವವರು ಕೈ ಅಡ್ಡ ಹಿಡಿದು "ಕೊನೆಯೊಂದನ್ನು ಹೇಳಬೇಡಿ" ಎಂದು ಬೇಡಿಕೊಳ್ಳುತ್ತಾರೆ. ಕೊನೆ ತಿಳಿದರೆ ಕಥೆಯಲ್ಲಿ ಮತ್ತೇನೂ ಉಳಿಯುವುದಿಲ್ಲವೆಂಬುದು ಈ ಬೇಡಿಕೆಯ ಹಿಂದಿರುವ ನಂಬಿಕೆ. ಕುತೂಹಲವಿಲ್ಲದ ಕಥೆ ಸಪ್ಪೆಯೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಚ್ಚರಿಯೆಂದರೆ ಬಚ್ಚಿಟ್ಟದ್ದನ್ನು ಕೊನೆಗೆ ಹೊರತೆಗೆದು ತೋರಿಸುವುದಷ್ಟೇ ಎಂಬ ಎಣಿಕೆಯನ್ನು ಒಪ್ಪಲಾರೆ.

ನಮ್ಮ ನಾಡಿನ ಕೇಳುಗರನ್ನೇ ನೋಡಿ. ಕುಮಾರವ್ಯಾಸ ಭಾರತದ ವಾಚನಕ್ಕೆ ಬಂದು ಕುಳಿತ ಯಾರಿಗೂ ಕರ್ಣ ಯಾರ ಮಗನೆಂಬುದು ಗುಟ್ಟಲ್ಲ. ಆದರೂ ಕೃಷ್ಣನು ಅವನನ್ನು ರಥದಲ್ಲಿ ಕೂರಿಸಿಕೊಂಡು ಜನ್ಮವೃತ್ತಾಂತವನ್ನು ಅರುಹುವ ಭಾಗ ಬಂದಾಗ ಸಭೆ ನಿಶ್ಶಬ್ದವಾಗುತ್ತದೆ. ಕರಾವಳಿಯ ತಾಳಮದ್ದಲೆಯಲ್ಲಂತೂ ಪ್ರಸಂಗದ ಪದ್ಯಗಳು ಮೊದಲೇ ರಚಿತವಾದವು. ಅರ್ಥಧಾರಿಗಳು ಆಡುವ ಮಾತು ಮಾತ್ರ ಯಾರೂ ಬರೆದುಕೊಟ್ಟದ್ದಲ್ಲ. ವಾಲಿ ಸಾಯುವುದು ಖಚಿತ. ಆದರೆ ಬಾಣ ತಾಗಿ ಬಿದ್ದವನು ರಾಮನನ್ನು ಏನೆಂದು ಪ್ರಶ್ನಿಸುತ್ತಾನೆ, ರಾಮನು ಹೇಗೆ ಸಮಾಧಾನ ಹೇಳುತ್ತಾನೆ ಎಂಬುದು ಆ ರಾತ್ರಿಯವರೆಗೆ ಯಾರಿಗೂ ತಿಳಿಯದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹಿರಿಯರ ಅರ್ಥ ಕೇಳಲು ಜನ ನಿದ್ದೆಗೆಟ್ಟು ಕುಳಿತದ್ದು ವಾಲಿಯ ಗತಿ ಏನಾಯಿತೆಂದು ತಿಳಿಯುವುದಕ್ಕಲ್ಲ.

ಹಾಗಾದರೆ ಅನಿರೀಕ್ಷಿತವಾದದ್ದೆಲ್ಲವೂ ಅಚ್ಚರಿಯೇ? ಈ ಪ್ರಶ್ನೆಗೆ ನನಗೆ ಉತ್ತರ ಒದಗಿಸಿದವರು ಪ್ರೌಢಶಾಲೆಯ ಮಕ್ಕಳು. ಅವರಿಂದ ಸ್ವಂತ ಕಥೆ ಬರೆಸುವುದು ನನ್ನ ಅಭ್ಯಾಸವಾಗಿತ್ತು. ಹುಡುಗನೊಬ್ಬ ಕಾಡಿನಲ್ಲಿ ದಾರಿ ತಪ್ಪಿರುತ್ತಾನೆ, ಕಳ್ಳರು ಸುತ್ತುವರಿದಿರುತ್ತಾರೆ, ಹಾಳೆಯೂ ಮುಗಿಯುತ್ತ ಬಂದಿರುತ್ತದೆ. ಅಷ್ಟರಲ್ಲಿ ಅಮ್ಮ ಬಂದು ತಟ್ಟಿ ಎಬ್ಬಿಸುತ್ತಾಳೆ. ನೋಡಿದರೆ ಎಲ್ಲವೂ ಕನಸು! ಪ್ರತಿ ವರ್ಷವೂ ಈ ಕನಸನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಅದು ಎಣಿಸದ ತಿರುವೇನೋ ಹೌದು. ಆದರೆ ಹಿಂದೆ ನಡೆದ ಯಾವುದರಿಂದಲೂ ಅದು ಹುಟ್ಟಿದ್ದಲ್ಲ. ಬದಲಿಗೆ ನಡೆದದ್ದನ್ನೆಲ್ಲ ಅಳಿಸಿಹಾಕುತ್ತದೆ. ಘಟನೆಗಳು ನಮ್ಮ ನಿರೀಕ್ಷೆಯನ್ನು ಮೀರಿ ಒದಗಬೇಕು, ಆದರೂ ಒಂದರಿಂದ ಇನ್ನೊಂದು ಹುಟ್ಟಿರಬೇಕು ಎಂಬುದು ಗ್ರೀಸಿನ ಅರಿಸ್ಟಾಟಲನ ಮತ. ಇದಕ್ಕೆ ಅವನು ಕೊಡುವ ಉದಾಹರಣೆ ಸೋಫೋಕ್ಲೀಸನ ಈಡಿಪಸ್ ನಾಟಕ. ದೊರೆಯ ಭಯವನ್ನು ಕಳೆಯಬೇಕೆಂದು ದೂತನು ಆಡಿದ ಮಾತೇ ದೊರೆ ನಿಜವಾಗಿ ಯಾರ ಮಗನೆಂಬುದನ್ನು ಬಯಲಿಗೆಳೆಯುತ್ತದೆ. ಅಥೆನ್ಸಿನ ಪ್ರೇಕ್ಷಕರಿಗೂ ಆ ಪುರಾಣಕಥೆ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದವನು ಈಡಿಪಸ್.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಬಹುಕಾಲ ಬಾಳುವ ಕಥೆಗಳಲ್ಲಿ ಮೊದಲು ಬೆರಗಾಗುವುದು ಪಾತ್ರ, ಅನಂತರ ಓದುಗ. ಓದುಗನ ಬೆರಗು ಒಂದು ಸಲದ್ದು. ಪಾತ್ರದ ಬೆರಗು ಎಷ್ಟು ಸಲ ಹೇಳಿದರೂ ಹೊಸದು.

ಕನ್ನಡದ ಮಕ್ಕಳೆಲ್ಲರಿಗೂ ಪರಿಚಿತವಾದ ಗೋವಿನ ಹಾಡನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಪುಣ್ಯಕೋಟಿ ಹಿಂದಿರುಗಿ ಬರುತ್ತಾಳೆಂಬುದರಲ್ಲಿ ಕೇಳುವ ಮಗುವಿಗೆ ಸಂದೇಹವಿಲ್ಲ. ಹಸುವಿನ ಸ್ವಭಾವವೆಲ್ಲ ಆ ವೇಳೆಗೆ ಅದಕ್ಕೆ ಮನದಟ್ಟಾಗಿರುತ್ತದೆ. ಬೆರಗಾಗುವುದು ಹುಲಿಗೆ. ಕೊಟ್ಟ ಮಾತಿಗಾಗಿ ಪ್ರಾಣವನ್ನು ಒಪ್ಪಿಸಲು ಒಂದು ಜೀವಿ ತಾನಾಗಿ ನಡೆದು ಬರುವುದೆಂದರೆ, ಹಸಿವಿನ ಲೆಕ್ಕವೊಂದನ್ನೇ ಬಲ್ಲ ಹುಲಿಯ ಲೋಕದಲ್ಲಿ ಅಂಥದಕ್ಕೆ ಸ್ಥಳವೇ ಇರಲಿಲ್ಲ. ಎದುರಿಗೆ ನಿಂತ ಹಸುವಿನಲ್ಲಿ ಅದು ಆಹಾರವನ್ನು ಕಾಣಲಾರದೆ ಒಡಹುಟ್ಟನ್ನು ಕಾಣುತ್ತದೆ. ಹುಲಿಯ ಸಾವು ಕಠಿಣವಾದದ್ದು. ಮಕ್ಕಳಿಗೆ ಅದನ್ನು ತುಸು ಹಗುರ ಮಾಡಿ ಹೇಳಬಾರದೇ ಎಂದು ನನ್ನನ್ನು ಕೇಳಿದ ತಾಯಂದಿರಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಹುಲಿಯನ್ನು ತಲೆತಗ್ಗಿಸಿ ಕಾಡಿಗೆ ಹಿಂದಿರುಗುವಂತೆ ಮಾಡಿದರೆ, ಬೆರಗಿನಿಂದ ಒಂದು ಜೀವ ಬುಡಸಮೇತ ಬದಲಾಯಿತೆಂಬ ಸಂಗತಿಯೇ ಕಥೆಯಿಂದ ಜಾರಿಹೋಗುತ್ತದೆ.

ಕಾಳಿದಾಸನೂ ಈ ಮರ್ಮವನ್ನು ಬಲ್ಲವನು. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿನ ದುಷ್ಯಂತನಿಗೆ ಎಲ್ಲವೂ ನೆನಪಿದ್ದು ಅರಿಯದವನಂತೆ ನಟಿಸುತ್ತಾನೆ. ಕವಿ ಇವೆರಡನ್ನೂ ಕಲ್ಪಿಸಿದ. ಆದರೆ ಶಾಪದ ಸಂಗತಿಯನ್ನು ಪ್ರೇಕ್ಷಕರಿಂದ ಮರೆಮಾಚಲಿಲ್ಲ. ನಾಲ್ಕನೆಯ ಅಂಕದಲ್ಲಿಯೇ ತಿಳಿಸಿಬಿಟ್ಟ. ಮುಂದೆ ಬೆಸ್ತನೊಬ್ಬನಿಗೆ ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕು ಅದು ಅರಮನೆಯನ್ನು ಸೇರಿದಾಗ ತತ್ತರಿಸುವವನು ದುಷ್ಯಂತ. ನಾವು ಅವನನ್ನು ನೋಡುತ್ತ ಕುಳಿತವರು. ನಾಟಕದ ಕಡೆಯ ಘಟ್ಟವಾದ ನಿರ್ವಹಣಸಂಧಿಯಲ್ಲಿ ಅದ್ಭುತರಸವಿರಬೇಕೆಂದು ಭರತಮುನಿಯೂ ವಿಧಿಸಿದ್ದಾನೆ. ಆ ರಸದ ಸ್ಥಾಯಿಭಾವ ವಿಸ್ಮಯ. ಕತೆಗಾರನ ಕೈಚಳಕಕ್ಕೆ ನಾವು ಬೆಚ್ಚಿಬೀಳುವುದು ಬೇರೆ, ಈ ವಿಸ್ಮಯ ಬೇರೆ.

ಇನ್ನು ಬದುಕಿನ ವಿಚಾರ. ಕಥೆಯ ಅನಿರೀಕ್ಷಿತಕ್ಕೆ ಕಾರಣವಿರಬೇಕೆಂಬ ಕಟ್ಟಳೆಯುಂಟು. ಬದುಕಿನ ಅನಿರೀಕ್ಷಿತಕ್ಕೆ ಅಂಥ ಹಂಗಿಲ್ಲ. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಅದೇ ವಾರ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಕೊನೆಗೆ ಜೂನ್ 25ರಿಂದ ನಡೆಯಿತು. ನಮ್ಮ ರಾಜ್ಯದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮೂರು ತಿಂಗಳು ಏನಾಗುವುದೋ ತಿಳಿಯದೆ ಕಾದರು. ನನಗೆ ಪರಿಚಯವಿದ್ದ ಕೆಲವರ ತಳಮಳ ಕಂಡಾಗ ಮನಸ್ಸಿನಲ್ಲಿ ಒಂದು ವಿಚಾರ ಬಲವಾಯಿತು: ಎಣಿಸದೆ ಬಂದದ್ದನ್ನು ಎದುರಿಸುವ ಬಗೆಯನ್ನು ನಾವು ಇವರಿಗೆ ಯಾವ ತರಗತಿಯಲ್ಲಿ ಕಲಿಸಿದೆವು?

ಪೇಟೆಯ ಪುಸ್ತಕದಂಗಡಿಗಳಲ್ಲಿ ಪಠ್ಯಪುಸ್ತಕಕ್ಕಿಂತ ಮೊದಲು ಖರ್ಚಾಗುವುದು "ನಿರೀಕ್ಷಿತ ಪ್ರಶ್ನೆಗಳು" ಎಂಬ ಕೈಪಿಡಿ. ಯಾವ ಪಾಠದಿಂದ ಎಷ್ಟು ಅಂಕದ ಪ್ರಶ್ನೆ ಬರುತ್ತದೆಂಬ ನೀಲನಕ್ಷೆ ಮಕ್ಕಳಿಗೆ ಬಾಯಿಪಾಠ. ಅಂಕ ಬೇಡವೆಂದು ನಾನು ಹೇಳುವುದಿಲ್ಲ. ಬಡವರ ಮಕ್ಕಳಿಗೆ ಮುಂದಿನ ಬಾಗಿಲು ತೆರೆಯುವುದು ಅಂಕದಿಂದಲೇ. ಆದರೆ ಶಾಲೆಯ ಹತ್ತು ವರ್ಷವೂ ಅನಿರೀಕ್ಷಿತವನ್ನು ಹೊರಗಿಡುವ ಕಸರತ್ತೇ ಆದರೆ, ಶಾಲೆಯಿಂದ ಹೊರಬಿದ್ದ ಮರುದಿನವೇ ಅದು ಬಂದು ಎದುರು ನಿಲ್ಲುತ್ತದೆ. ಅದರ ಪರಿಚಯವನ್ನು ಮೆಲ್ಲಗೆ ಮಾಡಿಸಬಹುದಾಗಿದ್ದ ಏಕೈಕ ಪಾಠವೆಂದರೆ ಕಥೆ. ಅದನ್ನೂ ನಾವು "ಸಂದರ್ಭ ಮತ್ತು ಸ್ವಾರಸ್ಯ ಬರೆಯಿರಿ" ಎಂಬ ಮೂರು ಅಂಕದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದೇವೆ.

ಕಥೆ ಕೇಳಿದ ಮಾತ್ರಕ್ಕೆ ಸಂಕಟ ದೂರವಾದೀತೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಕಥೆ ಕೊಡವುದು ಔಷಧವನ್ನಲ್ಲ, ಅಭ್ಯಾಸವನ್ನು. ಎಣಿಕೆ ತಲೆಕೆಳಗಾದ ಗಳಿಗೆಯಲ್ಲಿ ಕರ್ಣ ತನ್ನ ಒಡೆಯನ ಋಣವನ್ನು ನೆನೆದ, ದುಷ್ಯಂತ ಪಶ್ಚಾತ್ತಾಪದಲ್ಲಿ ಬೆಂದ, ಹುಲಿ ತನ್ನ ಹುಲಿತನವನ್ನೇ ಪ್ರಶ್ನಿಸಿಕೊಂಡಿತು. ಬಂದೊದಗಿದ್ದನ್ನು ಇವರಾರೂ ಆರಿಸಿಕೊಂಡವರಲ್ಲ. ಅದಕ್ಕೆ ಕೊಡುವ ಉತ್ತರವಷ್ಟೇ ಇವರ ಕೈಯಲ್ಲಿತ್ತು. ನಮ್ಮ ಸ್ಥಿತಿಯೂ ಇದೇ ಅಲ್ಲವೇ? ಕೇಳುಗರಾಗಿ ಕುಳಿತಾಗ ನಮಗೆ ಕೊನೆ ತಿಳಿದಿರುತ್ತದೆ. ಬಾಳುವಾಗ ನಾವೂ ಪಾತ್ರಗಳೇ.

ಆದ್ದರಿಂದ ಮನೆಯಲ್ಲಿರುವ ಅಜ್ಜ ಅಜ್ಜಿಯರಲ್ಲಿ, ಇನ್ನೂ ತರಗತಿಯಲ್ಲಿರುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳಿಗೆ ಗೊತ್ತಿರುವ ಕಥೆಯನ್ನೇ ಮತ್ತೆ ಹೇಳಿ. ಹಸು ಗವಿಯ ಬಾಗಿಲಿಗೆ ಬಂದು ನಿಂತಲ್ಲಿ ತುಸು ನಿಲ್ಲಿಸಿ, ಈಗ ಹುಲಿಗೆ ಏನನ್ನಿಸಿರಬಹುದೆಂದು ಕೇಳಿ. ಉತ್ತರಕ್ಕೆ ಅವಸರಪಡಿಸಬೇಡಿ, ಅಂಕವನ್ನೂ ಕೊಡಬೇಡಿ. ಮಗು ಯೋಚಿಸುತ್ತ ಸುಮ್ಮನೆ ಕುಳಿತರೆ ಅಷ್ಟು ಸಾಕು.