ರಾತ್ರಿಯ ಪಾಳಿ ಒಬ್ಬಳದೇ ಅಲ್ಲ

ಮಗು ಹುಟ್ಟಿದ ಮನೆಗೆ ಮೊದಲು ಬರುವುದು ಸಂತೋಷ. ಅದರ ಬೆನ್ನಿಗೇ ಬರುವುದು ನಿದ್ದೆಗೇಡು. ನಾಮಕರಣದ ದಿನ ತೊಟ್ಟಿಲು ತೂಗಲು ನೆಂಟರಿಷ್ಟರೆಲ್ಲ ಮುಂದೆ ಬರುತ್ತಾರೆ. ಅದೇ ಮಗು ನಡುರಾತ್ರಿ ಎರಡು ಗಂಟೆಗೆ ಚೀರತೊಡಗಿದರೆ ಏಳುವವರು ಎಷ್ಟು ಜನ? ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನೆಲೆಸಿ ವ್ಯಾಪಾರ ಮಾಡಿಕೊಂಡಿರುವ ನಮ್ಮ ಕುಟುಂಬಗಳು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇದು.

ನಮ್ಮ ಮನೆಗಳ ಸ್ಥಿತಿ ನಮಗೇ ಗೊತ್ತು. ಸೇಲಂನ ಶೆವ್ವಾಪೇಟೆಯಲ್ಲಾಗಲಿ, ಧರ್ಮಪುರಿಯ ಪೇಟೆ ಬೀದಿಯಲ್ಲಾಗಲಿ, ಅನೇಕರಿಗೆ ಕೆಳಗೆ ಅಂಗಡಿ, ಮೇಲೆ ಮನೆ. ಗಂಡಸರು ಬೆಳಿಗ್ಗೆ ಗಲ್ಲಾದ ಮುಂದೆ ಕೂತರೆ ಏಳುವುದು ರಾತ್ರಿ ಒಂಬತ್ತಕ್ಕೆ. ಸೊಸೆ ಬಾಣಂತನ ಮುಗಿಸಿಕೊಂಡು ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಹಿಂದಿರುಗುತ್ತಾಳೆ. ತವರಿನಲ್ಲಿ ತಾಯಿ, ಅಜ್ಜಿ, ಅತ್ತಿಗೆ ಹೀಗೆ ಮೂರು ನಾಲ್ಕು ಜನ ಎತ್ತಿಕೊಳ್ಳುತ್ತಿದ್ದ ಮಗು ಇಲ್ಲಿ ಅವಳೊಬ್ಬಳ ಮಡಿಲಿಗೆ ಬೀಳುತ್ತದೆ. ತವರು ಮೈಸೂರು, ಹಾಸನದ ಕಡೆಯದಾದರೆ ಪಕ್ಕದ ಮನೆಯವರೊಡನೆ ನಾಲ್ಕು ಮಾತಾಡಲು ತಮಿಳು ಕೂಡ ಇನ್ನೂ ನಾಲಗೆಗೆ ಬಂದಿರುವುದಿಲ್ಲ. "ಅವರಿಗೆ ಬೆಳಿಗ್ಗೆ ಅಂಗಡಿ ಇದೆ, ನಿದ್ದೆ ಕೆಡಬಾರದು" ಎಂದು ಅವಳು ಮಗುವನ್ನು ಹೊತ್ತು ಹಜಾರಕ್ಕೆ ಬರುತ್ತಾಳೆ. ಅವಳಿಗೂ ಬೆಳಿಗ್ಗೆ ಕೆಲಸವಿದೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮೊದಲು ಮಗುವಿನ ಪಕ್ಷವನ್ನು ಕೇಳೋಣ. ಹುಟ್ಟಿದ ಮೊದಲ ಮೂರು ತಿಂಗಳು ಮಗು ದಿನಕ್ಕೆ ಸುಮಾರು 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಆದರೆ ಅದು ತುಂಡು ತುಂಡು ನಿದ್ದೆ. ಹೊಟ್ಟೆ ಪುಟ್ಟದು, ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಹಗಲು ಯಾವುದು, ರಾತ್ರಿ ಯಾವುದು ಎಂಬ ಅರಿವು ಅದರ ದೇಹಕ್ಕೆ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅಳುವೂ ಹಾಗೆಯೇ. ಸುಮಾರು ಆರನೆಯ ವಾರಕ್ಕೆ ಅದು ತುದಿಗೇರುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಹೆಚ್ಚಿನ ಮಕ್ಕಳಿಗೆ ಸಂಜೆಯ ಹೊತ್ತೇ ಅಳುವಿನ ಹೊತ್ತು. ವರ್ಷ ತುಂಬಿದ ಮೇಲೂ ರಾತ್ರಿ ಒಂದೆರಡು ಸಲ ಏಳುವ ಮಕ್ಕಳು ಬೇಕಾದಷ್ಟಿದ್ದಾರೆ. ಇದು ರೋಗವಲ್ಲ, ತಾಯಿಯ ಹಾಲು ಸಾಲದೆಂಬುದಕ್ಕೆ ಸಾಕ್ಷಿಯೂ ಅಲ್ಲ.

ಇನ್ನು ಎಂಟನೆಯ ತಿಂಗಳ ಹೊತ್ತಿಗೆ ಮತ್ತೊಂದು ಪಾಡು. ಅಲ್ಲಿಯವರೆಗೆ ಎಲ್ಲರ ಕೈಗೂ ಹೋಗುತ್ತಿದ್ದ ಕೂಸು ತಾಯಿಯ ಸೆರಗು ಬಿಡುವುದಿಲ್ಲ. ಅವಳು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಅಳು. ಕಣ್ಣಿಗೆ ಕಾಣದ ಅಮ್ಮ ಎಲ್ಲೋ ಇದ್ದಾಳೆ ಎಂಬುದು ಅದಕ್ಕೆ ಈಗ ತಿಳಿಯುತ್ತದೆ. ತಿರುಗಿ ಬರುತ್ತಾಳೆ ಎಂಬ ಭರವಸೆ ಮಾತ್ರ ಇನ್ನೂ ಗಟ್ಟಿಯಾಗಿಲ್ಲ. ಹತ್ತರಿಂದ ಹದಿನೆಂಟು ತಿಂಗಳವರೆಗೆ ಈ ಅಂಟು ಜೋರಾಗಿದ್ದು ಆಮೇಲೆ ಸಡಿಲಾಗುತ್ತದೆ. ಬುದ್ಧಿ ಬೆಳೆಯುತ್ತಿರುವುದರ ಗುರುತು ಅದು.

ಆದರೆ ನಾವು ಹೇಳುವುದೇನು? "ಎತ್ತಿ ಎತ್ತಿ ಅಭ್ಯಾಸ ಮಾಡಿಸಿಬಿಟ್ಟೆ, ಈಗ ಅನುಭವಿಸು." ಈ ಮಾತನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕೆನಡಾದ ಮಾಂಟ್ರಿಯಲ್‌ನ ವೈದ್ಯರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳಲಿ ಬಿಡಲಿ ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳು ಆರನೆಯ ವಾರದಲ್ಲಿ ಉಳಿದ ಮಕ್ಕಳಿಗಿಂತ ಶೇಕಡಾ 43ರಷ್ಟು ಕಡಿಮೆ ಅತ್ತವು. ಅದಕ್ಕೂ ಮೊದಲು, 1972ರಲ್ಲಿ, ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ ಎಂಬ ಅಮೆರಿಕದ ಸಂಶೋಧಕಿಯರು 26 ಮನೆಗಳ ತಾಯಿ ಮಕ್ಕಳನ್ನು ಒಂದು ವರ್ಷ ಗಮನಿಸಿ, ಅತ್ತ ಕೂಡಲೇ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದುದನ್ನು ಕಂಡರು. ಎತ್ತಿಕೊಂಡರೆ ಮಗು ಕೆಡುವುದಿಲ್ಲ. ಎತ್ತಿಕೊಳ್ಳುವವಳು ಒಬ್ಬಳೇ ಆದರೆ ಅವಳ ಆರೋಗ್ಯ ಕೆಡುತ್ತದೆ.

ನಿದ್ದೆಗೆಟ್ಟ ಮನೆಯಲ್ಲಿ ಅಪಾಯದ ಉಪಾಯಗಳು ಬೇಗ ಹೊಳೆಯುತ್ತವೆ. ಈ ಕಡೆ ಬಜೆಯನ್ನು ವಸಂಬು ಎನ್ನುತ್ತಾರೆ. 'ಪಿಳ್ಳೈ ವಳರ್ಪಾನ್', ಅಂದರೆ ಮಗು ಬೆಳೆಸುವವನು ಎಂಬ ಪ್ರೀತಿಯ ಹೆಸರೂ ಅದಕ್ಕುಂಟು. ಹೆಸರು ಎಷ್ಟೇ ಚೆನ್ನಾಗಿದ್ದರೂ ತೇಯ್ದು ಎಳೆಗೂಸಿಗೆ ನೆಕ್ಕಿಸುವುದನ್ನು ಮಕ್ಕಳ ವೈದ್ಯರು ಒಪ್ಪುವುದಿಲ್ಲ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ಜೇನು ನಮ್ಮ ಮನೆಗಳಲ್ಲಿ ಹೇಗೂ ವರ್ಜ್ಯ. ಆದರೆ ನೆರೆಹೊರೆಯವರು ಅಕ್ಕರೆಯಿಂದ ಬೆರಳಿಗೆ ಹಚ್ಚಿ ನೆಕ್ಕಿಸುವುದುಂಟು. ವರ್ಷದೊಳಗಿನ ಮಗುವಿಗೆ ಅದು ವಿಷವಾಗಬಲ್ಲದು ಎಂದು ಮೆಲ್ಲಗೆ ತಿಳಿಸಿ. ನಿದ್ದೆ ಬರಲೆಂದು ನೆಗಡಿಯ ಸಿರಪ್ ಕುಡಿಸುವುದಂತೂ ಕೂಡದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಣಾಧಿಕಾರಿಗಳು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. ಸೀರೆಯ ಜೋಲಿ, ಇಲ್ಲಿಯವರ ತೂಳಿ, ಮಗುವಿಗೆ ಹಿತವೆನಿಸಬಹುದು. ಆದರೆ ನೋಡುವವರಿಲ್ಲದೆ ಮಗುವನ್ನು ಅದರಲ್ಲಿ ಬಿಡಬೇಡಿ. ದೊಡ್ಡ ಮಕ್ಕಳು ಅದರಲ್ಲಿ ತಿರುಗಿಸಿ ಆಡುವಾಗ ಬಟ್ಟೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ರಾತ್ರಿಯ ನಿದ್ದೆಗೆ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸುವುದೇ ಸರಿ.

ಎಲ್ಲಕ್ಕಿಂತ ಮುಖ್ಯವಾದುದು ಇದು. ಎಷ್ಟೇ ಸಿಟ್ಟು ಬರಲಿ, ಮಗುವನ್ನು ಹಿಡಿದು ಕುಲುಕಬೇಡಿ. ಕ್ಷಣದ ಕುಲುಕಾಟಕ್ಕೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವವೇ ಹೋಗಬಹುದು. ತಾಳ್ಮೆ ತೀರಿತು ಎನಿಸಿದಾಗ ಮಗುವನ್ನು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ಬಂದು ಮುಖ ತೊಳೆದುಕೊಳ್ಳಿ. ಐದು ನಿಮಿಷದ ಅಳುವಿನಿಂದ ಮಗುವಿಗೆ ಏನೂ ಆಗುವುದಿಲ್ಲ.

ಹಾಗಾದರೆ ಪರಿಹಾರ? ವ್ಯಾಪಾರದವರಾದ ನಮಗೆ ಲೆಕ್ಕದ ಭಾಷೆ ಚೆನ್ನಾಗಿ ತಿಳಿಯುತ್ತದೆ. ಒಂದು ಖಾತೆಯಿಂದ ದಿನವೂ ಖರ್ಚು ಬಿದ್ದು ಜಮೆಯೇ ಇಲ್ಲದಿದ್ದರೆ ಆ ಅಂಗಡಿ ಎಷ್ಟು ದಿನ ನಡೆದೀತು? ಮನೆಯ ನಿದ್ದೆಯನ್ನೂ ಹಾಗೆಯೇ ಲೆಕ್ಕ ಹಾಕಿ ಪಾಳಿ ಮಾಡಿಕೊಳ್ಳಿ. ಗಂಡ ಅಂಗಡಿ ಮುಚ್ಚಿ ಬಂದ ಮೇಲೆ ಹನ್ನೆರಡರವರೆಗಿನ ಪಾಳಿ ಅವನದಾಗಲಿ. ಹಾಲು ಕುಡಿಸುವುದೊಂದು ಬಿಟ್ಟು ತೇಗಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿಕೊಂಡು ಓಡಾಡುವುದು ಎಲ್ಲವೂ ಗಂಡಸಿಗೆ ಬರುವ ಕೆಲಸವೇ. ಅಷ್ಟು ಹೊತ್ತು ತಾಯಿ ಬೇರೆ ಕೋಣೆಯಲ್ಲಿ ಮಲಗಲಿ. ಹಾಲಿಗೆಂದು ಒಮ್ಮೆ ಎಬ್ಬಿಸಬೇಕಾದರೂ ಕುಡಿಸಿದ ಕೂಡಲೇ ಮಗುವನ್ನು ತೆಗೆದುಕೊಂಡು ಹೋಗಿ. ಅತ್ತೆ ಮಾವ ಹೇಗೂ ನಸುಕಿನಲ್ಲೇ ಏಳುವವರು. ಐದರಿಂದ ಏಳರವರೆಗೆ ಮೊಮ್ಮಗು ಅವರ ಬಳಿ ಇರಲಿ.

ನಮ್ಮ ಮನೆಗಳಿಗೆ ಇನ್ನೊಂದು ಅನುಕೂಲವಿದೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆ ಮುಚ್ಚಿರುತ್ತದೆ. ಮಕ್ಕಳು ಹೆಚ್ಚು ಅಳುವ ಹೊತ್ತಿಗೇ ನಮ್ಮ ಹೆಂಗಸರ ಕೈ ಬಿಡುವಾಗಿರುತ್ತದೆ. ಆ ಹೊತ್ತನ್ನು ಟಿ.ವಿ.ಗೆ ಕೊಡದೆ ಅತ್ತೆ, ಓರಗಿತ್ತಿ, ನಾದಿನಿ ಸರದಿಯಂತೆ ಮಗುವನ್ನು ಎತ್ತಿಕೊಂಡರೆ ತಾಯಿಗೆ ಎರಡು ಗಂಟೆ ವಿಶ್ರಾಂತಿ. ಹಾಗೆಯೇ ಹಾಲೂಡಿಸುವವಳಿಗೆ ರಾತ್ರಿಯ ಹಸಿವೂ ಬಾಯಾರಿಕೆಯೂ ಹೆಚ್ಚು. ಸಂಜೆಯ ಊಟ ಅವಳಿಗೆ ಗಟ್ಟಿಯಾಗಿರಲಿ. ರಾತ್ರಿಯ ನೀರು, ಆಹಾರ, ಪರ್ವದ ಉಪವಾಸ ಇವುಗಳಲ್ಲಿ ಅವಳಿಗೆ ಯಾವುದು ಸರಿ ಎಂಬುದನ್ನು ಹಿರಿಯರೇ ಮುಂಚಿತವಾಗಿ ವೈದ್ಯರಲ್ಲೂ ಗುರುಗಳಲ್ಲೂ ವಿಚಾರಿಸಲಿ. ಬಾಣಂತಿಯೇ ಬಾಯಿಬಿಟ್ಟು ಕೇಳುವಂತೆ ಮಾಡಬಾರದು.

ಮನೆಯಲ್ಲಿ ಹಿರಿಯರಿಲ್ಲದವರು ಮನೆ ಮನೆ ಸೇರಿಸಿಕೊಳ್ಳಬೇಕು. ಒಂದೇ ಬೀದಿಯಲ್ಲಿ ಕೈಗೂಸಿನ ಇಬ್ಬರು ಮೂವರು ತಾಯಂದಿರಿದ್ದರೆ ವಾರಕ್ಕೆ ಎರಡು ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರಲಿ. ಇಬ್ಬರು ಮಕ್ಕಳನ್ನು ನೋಡಿಕೊಂಡರೆ ಒಬ್ಬಳು ಒಂದು ಗಂಟೆ ಮಲಗಲಿ. ಮುಂದಿನ ಸಲ ಇನ್ನೊಬ್ಬಳು. ಜೊತೆಗೆ ತಮಿಳಿನ ತಾಯಿಯೂ ಸೇರಿದರೆ ಇನ್ನೂ ಒಳ್ಳೆಯದು. ಮಗುವಿನ ಅಳುವಿಗೆ ಭಾಷಾಂತರ ಬೇಕಿಲ್ಲ. "ನನ್ನ ಮಗು ಮಾತ್ರ ಹೀಗೆ" ಎಂಬ ಕೊರಗು ಅಲ್ಲಿ ಅರ್ಧ ಇಳಿಯುತ್ತದೆ.

ಹೇಳದೆ ಬಿಡಲಾಗದ ಮಾತೊಂದಿದೆ. ಹೆಣ್ಣು ಶಿಶುಗಳನ್ನು ಕೊಲ್ಲುವುದನ್ನು ತಡೆಯಲು ತಮಿಳುನಾಡು ಸರ್ಕಾರ 1992ರಲ್ಲಿ ತೊಟ್ಟಿಲು ಮಗು ಯೋಜನೆಯನ್ನು ಆರಂಭಿಸಿದ್ದು ಇದೇ ಸೇಲಂ ಜಿಲ್ಲೆಯಲ್ಲಿ. 2001ರಲ್ಲಿ ಅದು ಧರ್ಮಪುರಿಗೂ ಬಂತು. ಬೇಡವೆನಿಸಿದ ಹೆಣ್ಣು ಮಗುವನ್ನು ಸರ್ಕಾರದ ತೊಟ್ಟಿಲಲ್ಲಿ ಬಿಟ್ಟು ಹೋಗಿ ಎಂದು ಕೇಳಬೇಕಾಗಿ ಬಂದ ನೆಲದಲ್ಲಿ ನಾವಿದ್ದೇವೆ. ನಮ್ಮ ಮನೆಗಳು ಅಹಿಂಸೆಯನ್ನು ಹೇಳಿಕೊಳ್ಳುವ ಮನೆಗಳು. ಆದರೂ ಗಂಡು ಮಗು ಅತ್ತರೆ "ಹಸಿವಾಗಿದೆ, ಪಾಪ" ಎನ್ನುವ ನಾಲಗೆ, ಎರಡನೆಯ ಹೆಣ್ಣು ಮಗು ಅತ್ತರೆ "ಇದೊಂದು ಕಾಟ" ಎನ್ನುವುದನ್ನು ನಾವು ಕೇಳಿಲ್ಲವೇ? ಮೂರು ರಾತ್ರಿ ಕಣ್ಣು ಮುಚ್ಚದ ತಾಯಿಗೆ ಆ ಮಾತು ತಾಗುವ ಬಗೆಯೇ ಬೇರೆ. ಮಾತಿನಿಂದಾಗುವ ಹಿಂಸೆಯೂ ಹಿಂಸೆಯೇ.

ಎಷ್ಟೇ ಆಸರೆಯಿದ್ದರೂ ಕೆಲವು ತಾಯಂದಿರ ಮನಸ್ಸು ಕುಸಿಯುತ್ತದೆ. ನಮ್ಮ ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ ಹೆರಿಗೆಯಾದ ನೂರರಲ್ಲಿ ಸುಮಾರು 22 ತಾಯಂದಿರಿಗೆ ಖಿನ್ನತೆ ಬರುತ್ತದೆ. ಎರಡು ವಾರ ಬಿಡದೆ ಅಳು, ಮಗು ಮಲಗಿದರೂ ತನಗೆ ನಿದ್ದೆ ಬಾರದಿರುವುದು, ಮಗುವಿನ ಮೇಲೆ ಆಸೆಯೇ ಹುಟ್ಟದಿರುವುದು ಇದರ ಗುರುತುಗಳು. ಇದಕ್ಕೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡ ತಮಿಳು ಎರಡರಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಜೊತೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲಿ ಶುರುವಾಯಿತು. ತನಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಬಿಡುವೆ ಎಂಬ ಮಾತು ತಾಯಿಯ ಬಾಯಿಂದ ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ, ಅಥವಾ ಯಾವ ಮಗುವೇ ಆಗಲಿ ಹಾಲು ಬಿಟ್ಟು ಸೊರಗಿದರೆ, ಬೆಳಗಾಗುವವರೆಗೆ ಕಾಯಬೇಡಿ, 108 ಇದೆ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ಸಲ ಕೂಸಿರುವ ಮನೆಗೆ ಹೋಗುವಾಗ ಉಡುಗೊರೆ ಇರಲಿ ಬಿಡಲಿ, "ಕೊಡಮ್ಮ ಇಲ್ಲಿ, ನೀನು ಒಂದು ಗಂಟೆ ಮಲಗು" ಎಂದು ಕೈ ಚಾಚಿರಿ. ಹಾಗೆ ಹೇಳಿದ ಮೇಲೆ ಗಂಟೆ ತುಂಬುವ ಮುಂಚೆ ಎಬ್ಬಿಸಬೇಡಿ.