ಸೋತದ್ದು ಮದ್ದೋ, ಅಳತೆಯೋ?

ಒಂದು ಮದ್ದು ಪರೀಕ್ಷೆಯಲ್ಲಿ ಸೋತಿತು ಎನ್ನುತ್ತೇವಲ್ಲ, ಆಗ ಸೋತದ್ದು ಯಾವುದು? ಮದ್ದೇ, ಅಥವಾ ಅದನ್ನು ಕೊಟ್ಟ ಬಗೆಯೇ? ಹೆಚ್ಚಾಗಿ ದೊಡ್ಡವರಿಗೆ ಬರುವ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಮದ್ದು 'ಮೈಲೋಟಾರ್ಗ್' ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತುತ್ತದೆ.

ಈ ಕಾಯಿಲೆಯ ಬಹುಪಾಲು ರೋಗಿಗಳಲ್ಲಿ ಕ್ಯಾನ್ಸರ್ ಕಣಗಳ ಮೈಮೇಲೆ ಸಿಡಿ33 ಎಂಬ ಪ್ರೋಟೀನ್ ಇರುತ್ತದೆ. ಅದನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯದ ಬೆನ್ನಿಗೆ ಕ್ಯಾಲಿಕಿಯಾಮೈಸಿನ್ ಎಂಬ ವಿಷವನ್ನು ಕಟ್ಟಿದ್ದಾರೆ. ಟೆಕ್ಸಾಸಿನ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಈ ವಿಷ ಡಿಎನ್‌ಎಯ ಎರಡೂ ಎಳೆಗಳನ್ನು ಕಡಿಯುತ್ತದೆ. ಬೆಳಕು ಬಿದ್ದರೆ ಮದ್ದು ಕೆಡುತ್ತದೆ. ಹಾಗಾಗಿ ಡ್ರಿಪ್ ಚೀಲಕ್ಕೆ ಮುಸುಕು ಹಾಕಿ ಎರಡು ಗಂಟೆ ಹನಿಹನಿಯಾಗಿ ಇಳಿಸುತ್ತಾರೆ.

2000ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕಾಯಿಲೆ ಮರುಕಳಿಸಿದ 60 ದಾಟಿದವರಿಗಾಗಿ ಇದಕ್ಕೆ ತ್ವರಿತ ಒಪ್ಪಿಗೆ ಕೊಟ್ಟಿತು. ಮೈಯ ಚದರ ಮೀಟರಿಗೆ 9 ಮಿಲಿಗ್ರಾಂ, ಎರಡು ವಾರದ ಅಂತರದಲ್ಲಿ ಎರಡು ಸಲ. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಕೀಮೋ ಜೊತೆ 6 ಮಿಲಿಗ್ರಾಂ ಒಂದೇ ಸಲಕ್ಕೆ ಕೊಟ್ಟರು. ಲಾಭ ಕಾಣಲಿಲ್ಲ. ಮೊದಲ ಹಂತದ ಚಿಕಿತ್ಸೆಯ ಅಡ್ಡಪರಿಣಾಮಕ್ಕೇ ನೂರಕ್ಕೆ 5.7 ಮಂದಿ ತೀರಿಕೊಂಡರು. ಬರೀ ಕೀಮೋ ಪಡೆದವರಲ್ಲಿ ಅದು 1.4. 2010ರಲ್ಲಿ ಫೈಜರ್ ಕಂಪನಿ ಅಮೆರಿಕದಲ್ಲಿ ಮಾರಾಟ ನಿಲ್ಲಿಸಿತು.

ನಿಲ್ಲಿಸಿದ್ದು ಸರಿಯೇ. ಇಂಥ ಅಂಕಿ ಕಣ್ಣಮುಂದಿರುವಾಗ ಮಾರುತ್ತ ಹೋಗುವುದು ಅನ್ಯಾಯವಾಗುತ್ತಿತ್ತು. ಆದರೆ ಆ ಪರೀಕ್ಷೆ ಕೊಟ್ಟ ಉತ್ತರ ಆ ಡೋಸಿಗೆ, ಆ ಕ್ರಮಕ್ಕೆ ಸಂಬಂಧಿಸಿದ್ದು. ಮದ್ದಿನ ಕಥೆಯೇ ಮುಗಿಯಿತೆಂದು ತಿಳಿಯುವುದು ಅವಸರ.

ಫ್ರಾನ್ಸಿನ ವೈದ್ಯರು ಆ ಅವಸರ ಮಾಡಲಿಲ್ಲ. ಪ್ರತಿಕಾಯದೊಂದಿಗೆ ಕಣದೊಳಕ್ಕೆ ಹೋದ ಸಿಡಿ33 ಕೆಲವೇ ದಿನಗಳಲ್ಲಿ ಮತ್ತೆ ಮೇಲೆ ಮೂಡುತ್ತದೆ. ಹಾಗಿದ್ದ ಮೇಲೆ ಒಂದೇ ಸಲ ಸುರಿಯುವುದೇಕೆ? 50ರಿಂದ 70 ವಯಸ್ಸಿನ 280 ರೋಗಿಗಳ ಪರೀಕ್ಷೆಯಲ್ಲಿ, ಅರ್ಧದಷ್ಟು ಮಂದಿಗೆ ಕೀಮೋ ಜೊತೆ 3 ಮಿಲಿಗ್ರಾಂನಂತೆ 1, 4 ಮತ್ತು 7ನೇ ದಿನ ಕೊಟ್ಟು ನೋಡಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು: ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಬದುಕಿದ್ದವರು ನೂರಕ್ಕೆ ಸುಮಾರು 41, ಬರೀ ಕೀಮೋ ಪಡೆದವರಲ್ಲಿ 17. 2017ರ ಸೆಪ್ಟೆಂಬರಿನಲ್ಲಿ ಎಫ್‌ಡಿಎ ಮತ್ತೆ ಒಪ್ಪಿಗೆ ಕೊಟ್ಟಿತು.

ಅಪಾಯ ಹೋಗಿಲ್ಲ. ಲಿವರಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಜೀವಕ್ಕೆ ಕುತ್ತು ಬರುವುದು ಇಂದಿಗೂ ಉಂಟು. ಎಲ್ಲರಿಗೂ ಲಾಭವೂ ಇಲ್ಲ. 3,325 ರೋಗಿಗಳ ಐದು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದ 2014ರ ವಿಶ್ಲೇಷಣೆಯಲ್ಲಿ, ಕ್ಯಾನ್ಸರ್ ಕಣಗಳ ವರ್ಣತಂತುಗಳ ದೋಷ ತೀರಾ ಕೆಟ್ಟದಾಗಿದ್ದವರಿಗೆ ಇದರಿಂದ ಏನೂ ಸಿಗಲಿಲ್ಲ. ಆದರೆ ದೋಷ ಸೌಮ್ಯವಾಗಿದ್ದವರಲ್ಲಿ, ಆರು ವರ್ಷ ಕಳೆದ ಮೇಲೆ ನೂರಕ್ಕೆ ಸುಮಾರು 20 ಮಂದಿ ಹೆಚ್ಚು ಉಳಿದಿದ್ದರು. 2010ರಲ್ಲಿ ಎಲ್ಲರ ಸರಾಸರಿ ನೋಡಿ ತೀರ್ಮಾನಿಸಿದಾಗ ಇವರು ಲೆಕ್ಕಕ್ಕೆ ಬಂದಿರಲಿಲ್ಲ.